ಗೀಟು ಹೊಡೆದ ಏಳನೇ ಪ್ರಶ್ನೆ

ಮೊನ್ನೆ ಹಳೆಯ ಪಠ್ಯಪುಸ್ತಕವೊಂದರ ನಡುವೆ ಒಂದು ಸೈಕ್ಲೋಸ್ಟೈಲ್ ಹಾಳೆ ಸಿಕ್ಕಿತು. ಮೂಗಿಗೆ ಹಿಡಿದರೆ ಮಸಿಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ... ಅದರಲ್ಲಿ ಹತ್ತು ಪ್ರಶ್ನೆಗಳು. ಏಳನೆಯದಕ್ಕೆ ಕೆಂಪು ಶಾಯಿಯ ಗೀಟು. ಗೀಟು ಎಳೆದವರು ನಮ್ಮ ಪ್ರೊಫೆಸರ್.

ಅವರು ನರರೋಗದ ಡಾಕ್ಟರು. ಎಪ್ಪತ್ತರ ದಶಕದ ಕೊನೆಯ ಮಾತು. ಮುಪ್ಪಿನ ಮರೆವು ಒಂದು ಕಾಯಿಲೆಯೆಂದು ನಮ್ಮ ಕಡೆ ಯಾರೂ ಎಣಿಸದಿದ್ದಾಗ ಅವರು ಅದರ ಬೆನ್ನು ಹತ್ತಿದ್ದರು. ತಿಂಗಳಿಗೊಂದು ಭಾನುವಾರ ವಿದ್ಯಾರ್ಥಿಗಳನ್ನು ಜೀಪಿಗೆ ತುಂಬಿಕೊಂಡು ಚನ್ನಗಿರಿಗೆ ಬರುತ್ತಿದ್ದರು. ಛತ್ರದ ಜಗಲಿಯೇ ಆಸ್ಪತ್ರೆ, ಅದೇ ಕ್ಲಾಸು. ಅವರು ರೋಗಿಯ ಕೈ ಹಿಡಿದು ಕೂರುತ್ತಿದ್ದರು, ಅವರ ವಿದ್ಯಾರ್ಥಿನಿಯಾಗಿದ್ದ ನಾನು ನೆನಪು ಪರೀಕ್ಷಿಸುವ ಈ ಹತ್ತು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುತ್ತಿದ್ದೆ.

ಏಳನೆಯದು, ಗಂಡ ಅಥವಾ ಹೆಂಡತಿಯ ಹೆಸರೇನು? ಗಂಡಸರು ಥಟ್ಟನೆ ಹೇಳಿಬಿಡುತ್ತಿದ್ದರು. ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸುತ್ತಿದ್ದರು. ನಾನು ‘ಮರೆತಿದ್ದಾರೆ’ ಎಂದು ಬರೆಯುತ್ತಾ ಹೋದೆ. ಒಂದೆರಡಲ್ಲ, ಮೂರು ತಿಂಗಳು! ನಾನೂ ಅಲ್ಲೇ ಪಕ್ಕದ ಹೊನ್ನಾಳಿಯಲ್ಲಿ ಹುಟ್ಟಿ ಬೆಳೆದವಳು, ನಮ್ಮಮ್ಮ ಅಪ್ಪನ ಹೆಸರು ಹೇಳಿದ್ದನ್ನು ಒಮ್ಮೆಯೂ ಕೇಳಿದವಳಲ್ಲ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಕೊನೆಗೆ ನಲ್ಲೂರಿನ ಅಜ್ಜಿಯೊಬ್ಬರು ಗದರಿದರು: "ಗಂಡನ ಹೆಸ್ರು ಬಾಯಾಗೆ ತಗಳ್ಳಾಕೆ ಆಗ್ತೈತೇನೇ ತಾಯಿ? ಓದಿದೋಳಿಗೆ ಅಷ್ಟೂ ಗೊತ್ತಾಗಲ್ವಾ?"

ಪ್ರೊಫೆಸರ್ ಬಿದ್ದು ಬಿದ್ದು ನಕ್ಕರು. ತಪ್ಪು ನನ್ನದಲ್ಲ, ಪ್ರಶ್ನೆ ಬರೆದ ತಮ್ಮದೇ ಎಂದು ಹೇಳಿ, ಇದ್ದಬದ್ದ ಹಾಳೆಗಳಲ್ಲೆಲ್ಲ ಅದನ್ನು ಹೊಡೆದುಹಾಕಿದರು.

ಮರುವರ್ಷ ಸೂಳೆಕೆರೆ ಕಡೆಯ ನೀರುಗಂಟಿಯೊಬ್ಬರು ಹೆಂಡತಿಯನ್ನು ಕರೆತಂದರು. ಗದ್ದೆಗಳಿಗೆ ಕಾಲುವೆ ನೀರು ಹಂಚುತ್ತಿದ್ದ ಮನುಷ್ಯ. ಅವರು ಚಪ್ಪಲಿ ಬಿಡುತ್ತಿದ್ದಾಗಲೇ ಆಕೆ ಛತ್ರವೆಲ್ಲ ಕೇಳುವ ಹಾಗೆ ಗಂಡನ ಹೆಸರು ಹಿಡಿದು ಕೂಗಿದರು. ಆತ ನಾಚಿಕೆಯಿಂದ ಕುಗ್ಗಿಹೋದರು.

"ಬೀದ್ಯಾಗೂ ಹಿಂಗೇ ಕೂಗ್ತಾಳ್ರಿ ಸಾರ್. ನಲವತ್ತು ವರ್ಸ ಒಂದಿನಾನೂ ಹೆಸ್ರು ಎತ್ತಿದೋಳಲ್ಲ. ಜನ ನಗ್ತಾರೆ. ನಿಲ್ಸಾಕೆ ಏನಾರ ಔಸ್ದಿ ಕೊಡ್ರಿ."

ಗಂಡನ ಹೆಸರು ಹೇಳಬಾರದೆಂಬುದನ್ನೇ ಮರೆಸಿದ್ದ ಆ ಕಾಯಿಲೆಗೆ ಔಷಧಿ ಇರಲಿಲ್ಲ. ಹಾಗೆಂದು ಹೇಳಲು ಪ್ರೊಫೆಸರಿಗೆ ಬಾಯಿ ಬರಲಿಲ್ಲ. ಒಂದು ಟಾನಿಕ್ ಬರೆದುಕೊಟ್ಟರು. ನನಗೆ ಅವರ ಮೇಲೆ ಸಿಟ್ಟು ಬಂತು, ಆದರೆ ನನ್ನ ಬಳಿಯಾದರೂ ಏನಿತ್ತು?

ಇನ್ನೊಂದು ವರ್ಷ ಕಳೆದು ಇಬ್ಬರೂ ಮತ್ತೆ ಬಂದರು. ಈ ಸಲ ಆತ ಅತ್ತುಬಿಟ್ಟರು.

"ಈಗ ಕೂಗೋದೇ ಇಲ್ಲ ಸಾರ್. ನಾನ್ಯಾರಂತಾನೂ ಗೊತ್ತಿಲ್ಲ ಅವಳ್ಗೆ. ಜನ ನಕ್ರೆ ನಗ್ಲಿ, ಒಂದ್ಸಲ ಕೂಗೋ ಹಂಗೆ ಮಾಡ್ರಿ..."

ಪ್ರೊಫೆಸರ್ ಆಕೆಯ ಕೈ ಹಿಡಿದುಕೊಂಡು, ತಾವೇ ಹೊಡೆದುಹಾಕಿದ್ದ ಪ್ರಶ್ನೆ ಕೇಳಿದರು. "ಯಜಮಾನರ ಹೆಸರೇನಮ್ಮಾ?"

ಆಕೆಯ ಕೈ ಸೆರಗಿಗೆ ಹೋಗಲಿಲ್ಲ. ತಲೆಯೂ ತಗ್ಗಲಿಲ್ಲ. ಸುಮ್ಮನೆ ನಮ್ಮನ್ನೇ ನೋಡುತ್ತಾ ಕೂತರು.

ವಾಪಸು ಬರುವಾಗ ಪ್ರೊಫೆಸರ್ ಜೀಪಿನಲ್ಲಿ ಒಂದೇ ಮಾತಾಡಿದ್ದು. "ಟಾನಿಕ್ ಬರೆಯೋ ಬದಲು, ಕೂಗಿದಾಗೆಲ್ಲ ಓಗೊಡಪ್ಪಾ ಅನ್ನಬೇಕಿತ್ತು ಕಣಮ್ಮ."

ಪ್ರೊಫೆಸರ್ ತೀರಿಹೋಗಿ ಬಹಳ ವರ್ಷವಾಯಿತು. ನಾನೂ ಅದೇ ಪಾಠ ಹೇಳಿ ನಿವೃತ್ತಳಾದೆ. ಎಷ್ಟೋ ಮನೆಯವರ ಎದುರು ಅವರ ಹಾಗೇ ಕೈಚೆಲ್ಲಿ ಕೂತಿದ್ದೇನೆ, ಟಾನಿಕ್ ಮಾತ್ರ ಬರೆದಿಲ್ಲ. ಹಾಳೆ ಹಿಡಿದುಕೊಂಡು ಮೊನ್ನೆಯಿಂದ ಯೋಚಿಸುತ್ತಿದ್ದೇನೆ. ಅಂದು ಛತ್ರದಲ್ಲಿ ಆಕೆ ಅಷ್ಟು ಜೋರಾಗಿ ಕೂಗಿದ್ದ ಆ ಹೆಸರು ಈಗ ನನಗೂ ನೆನಪಾಗುತ್ತಿಲ್ಲ...