ಟ್ರ್ಯಾಕ್ಟರ್ ಬ್ಯಾಟರಿಗೆ ಹಚ್ಚಿದ ಕೆಂಪು ಕಾರು

ಪಾಮನಕಲ್ಲೂರಿನ ತವರಿಗೆ ಬಂದವಳು, ಮಗನ ರಿಮೋಟ್ ಕಾರಿಗೆ ಹೊಸ ಬ್ಯಾಟರಿ ತರಲು ಇವತ್ತು ಲಿಂಗಸುಗೂರಿಗೆ ಹೋಗಿದ್ದೆ. ಅಂಗಡಿಯವರು ಅದನ್ನು ಚಾರ್ಜಿಗೆ ಹಾಕಿ ತೋರಿಸುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಹಳೇ ಸಿಟ್ಟು ಎದ್ದು ಕೂತಿತು.

ನಾನು ಸಣ್ಣವಳಿದ್ದಾಗ ಹೈದರಾಬಾದಿನಿಂದ ಸೋದರಮಾವ ನನಗೆಂದೇ ಒಂದು ಕೆಂಪು ಕಾರು ತಂದಿದ್ದ. ಅದರ ಪುಟ್ಟ ಚಾರ್ಜರಿನಲ್ಲಿ ಬ್ಯಾಟರಿ ತುಂಬಲು ನಾಲ್ಕು ತಾಸು ಬೇಕು. ಅಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಪಡಸಾಲೆಯಲ್ಲಿ ಬೀಗರು ಕೂತಿದ್ದರು, ಅವರೆದುರು ಕಾರು ಓಡಿಸಿ ಮೆರೆಯಬೇಕಿತ್ತು.

"ಬ್ಯಾರೆದಕ್ಕ ಹಚ್ಚಬ್ಯಾಡ ಅಂತ ಮಾವ ಹೇಳ್ಯಾನಪ್ಪ," ಅಂದೆ.

"ಸುಮ್ನಿರಲೇ. ಟ್ರ್ಯಾಕ್ಟರ್ ಎಬ್ಬಿಸೋ ಬ್ಯಾಟರಿಗೆ ಇದ್ಯಾವ ಲೆಕ್ಕ?" ಎಂದು ಅಂಗಳದಲ್ಲಿದ್ದ ಟ್ರ್ಯಾಕ್ಟರಿನಿಂದ ಎರಡು ವೈರು ಎಳೆದು ಹಚ್ಚಿಯೇ ಬಿಟ್ಟ. ಬೀಗರ ಚಹಾ ಮುಗಿಯುವುದರೊಳಗೆ ಬ್ಯಾಟರಿ ಉಬ್ಬಿ ಹೊಗೆಯೆದ್ದು, ಕಾರು ಅರ್ಧ ಕರಗಿತ್ತು.

ಎಲ್ಲರೂ ಓಡಿ ಬಂದರು.

"ಹುಡುಗಿ ಏನೋ ಮಾಡ್ಯಾಳ್ರೀ," ಅಂದ ಅಪ್ಪ, ವೈರು ಇನ್ನೂ ತನ್ನ ಕೈಯಲ್ಲೇ ಹಿಡಿದುಕೊಂಡು.

ಇವತ್ತು ಬ್ಯಾಟರಿ ತಂದು ಚಾರ್ಜಿಗೆ ಹಾಕಲು ಹೋದರೆ, ಅಪ್ಪ ಮೊಮ್ಮಗನಿಗೆ, "ಹುಷಾರಪ್ಪ, ನಿಮ್ಮವ್ವ ಸಣ್ಣಾಕಿ ಇದ್ದಾಗ ಇಂಥದ್ದೊಂದು ಸುಟ್ಟಾಳ," ಅಂದ.

ಮಗ ನನ್ನ ಕೈಯಿಂದ ಬ್ಯಾಟರಿ ಕಸಿದುಕೊಂಡು ಅಜ್ಜನ ಕೈಗೆ ಕೊಟ್ಟ.