ಲೀಮಾಕ್ಕೆ ಹೋಗುವವರಿಗೆ ನಾಲ್ಕು ಮಾತು

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ. ಜರ್ಮನಿ ಕೊಟ್ಟ ಗ್ರೀನ್ ಕಾರ್ಡ್ ಮೇಲೆ ಇಲ್ಲಿನ ಎರ್ಲಾಂಗೆನ್‌ಗೆ ಬಂದಿದ್ದ ನಮ್ಮಣ್ಣ, ಕಂಪನಿ ಕೆಲಸಕ್ಕೆಂದು ಪೆರು ದೇಶದ ಲೀಮಾಕ್ಕೆ ಹೋದವನು, ಅಲ್ಲೇ ತೀರಿಕೊಂಡ. ಅವನನ್ನು ತರಲು ಅವನ ಹೆಂಡತಿ, ನಮ್ಮ ವೈನಿ, ಮತ್ತು ನಾನು ಹೊರಟಿದ್ದೇವೆ.

ಟಿಕೆಟ್ ಕೌಂಟರಿನ ಹೆಂಗಸಿಗೆ ಇದೇನೂ ಗೊತ್ತಿಲ್ಲ. ತಾನು ಲೀಮಾಕ್ಕೆ ರಜೆಗೆ ಹೋಗಿಬಂದವಳಂತೆ. ನಾವೂ ರಜೆಗೇ ಹೊರಟವರು ಅಂದುಕೊಂಡು ಉಮೇದಿನಿಂದ ಹೇಳತೊಡಗಿದಳು. ನಲ್ಲಿ ನೀರು ಕುಡಿಯಬೇಡಿ. ಬೀದಿಯಲ್ಲಿ ಕೈಮಾಡಿ ಟ್ಯಾಕ್ಸಿ ನಿಲ್ಲಿಸಬೇಡಿ. ಕೊಡೆ ಬೇಡ, ಅಲ್ಲಿ ಮಳೆಯೇ ಇಲ್ಲ. ಆದರೆ ಥಂಡಿ ಉಂಟು. ಒಂದೊಂದನ್ನೂ ನಾನು ಕನ್ನಡದಲ್ಲಿ ಹೇಳಿದೆ. ವೈನಿ ಎಲ್ಲಕ್ಕೂ ತಲೆ ಆಡಿಸಿದರು. ಕೊಡೆಯನ್ನು ಚೀಲದ ತಳಕ್ಕೆ ತುರುಕಿ, ಸ್ವೆಟರ್ ಮೇಲಿಟ್ಟುಕೊಂಡರು.

ಕೊನೆಗೆ ಆಕೆ ವೈನಿಯ ಕೊರಳಿನತ್ತ ಬೆರಳು ತೋರಿಸಿದಳು. "ಬಂಗಾರ ಹಾಕಿಕೊಂಡು ಇಳಿಯಬೇಡಿ, ಕಿತ್ತುಕೊಂಡು ಓಡುತ್ತಾರೆ. ಇಲ್ಲೇ ತೆಗೆದಿಡಿ."

ಇದೊಂದನ್ನು ನಾನು ಕನ್ನಡದಲ್ಲಿ ಹೇಳಲಿಲ್ಲ. ವೈನಿಗೆ ಆ ಬೆರಳೇ ಸಾಕಾಗಿತ್ತು. ತಾಳಿಯನ್ನು ಕೋಟಿನೊಳಗೆ ಸರಿಸಿಕೊಂಡರು.

"ಅಕೀಗೆ ಹೇಳವಾ ಸುಮಾ, ನಿಮ್ಮಣ್ಣಾರ ಮುಖಾ ನೋಡಿದ ಮ್ಯಾಲೆ ಅಲ್ಲೇ ತಗೀತೀನಿ ಅಂತ."

"ತೆಗೆಯುತ್ತಾರಂತೆ," ಎಂದಷ್ಟೇ ಜರ್ಮನ್‌ನಲ್ಲಿ ಹೇಳಿದೆ. ಆಕೆಗೆ ಸಮಾಧಾನವಾಯಿತು.