ನಾನು ಬಿಚ್ಚದ ಗಂಟು

ನಮ್ಮ ಮಾವನವರ ಕೈಗೆ ನಾಲ್ಕು ಕಾಸು ಸೇರಿದರೆ ಸಾಕು, ಅದು ವಾರದೊಳಗೆ ಟಗರಾಗಿ ಅಂಗಳದಲ್ಲಿ ನಿಂತಿರುತ್ತಿತ್ತು. ಮಂದೆಗೆ ಬೇಕಾದ ಟಗರಲ್ಲ, ಕಾಳಗದ ಟಗರು. ಅದಕ್ಕೆ ಬೇಯಿಸಿದ ಹುರುಳಿ, ಬೆಲ್ಲ, ಕೊಂಬಿಗೆ ಎಣ್ಣೆ. ಮನೆಯವರಿಗೆ ಹಬ್ಬದ ದಿನವೂ ಸಿಗದ ಉಪಚಾರ ಅದಕ್ಕೆ ದಿನಾ ಸಿಗುತ್ತಿತ್ತು. ಇಂಥ ಗಂಡನನ್ನು ಕಟ್ಟಿಕೊಂಡ ನಮ್ಮತ್ತೆ ಆಪತ್ತಿಗೆಂದು ನಾಲ್ಕು ನೋಟು ಕೂಡಿಡಬೇಕಾದರೆ ಎಲ್ಲಿ ಇಡಬೇಕು? ಈ ಪ್ರಶ್ನೆ ಆಗಲೇ ನನಗೆ ಹೊಳೆದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಹೊಳೆಯಲಿಲ್ಲ. ಎಂಟನೇ ಕ್ಲಾಸಿನವರೆಗೆ ಓದಿದ ಜಾಣೆ ನಾನು!

ಎಪ್ಪತ್ತರ ದಶಕ ಆಗ ಅರ್ಧ ಕಳೆದಿತ್ತು. ಹಿರಿಯೂರು ಕಡೆಯ ಜವನಗೊಂಡನಹಳ್ಳಿಯಿಂದ ಚಿತ್ರದುರ್ಗದ ಮಗ್ಗುಲಿನ ಮದಕರಿಪುರಕ್ಕೆ ನಾನು ಸೊಸೆಯಾಗಿ ಬಂದು ಎರಡನೇ ವರ್ಷ. ಕುರಿ ಸಾಕುವ ಮನೆ. ಬೇಸಿಗೆ ಬಂತೆಂದರೆ ಮಾವ ಮತ್ತು ನನ್ನ ಗಂಡ ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಬಯಲಿಗೆ ಹೋಗಿಬಿಡುವರು. ಅಲ್ಲಿ ಗದ್ದೆಯವರ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ತರುಬಿ, ಊರಿಂದ ಊರಿಗೆ ಸರಿಯುತ್ತಾ, ಮುಂಗಾರು ಬಿದ್ದ ಮೇಲೆ ತಿರುಗಿ ಬರುವುದು. ಅಲ್ಲಿಯ ತನಕ ಮನೆಯಲ್ಲಿ ನಾನು, ಅತ್ತೆ, ಇಬ್ಬರೇ. ಗಂಡಸರು ಎಲ್ಲಿದ್ದಾರೆಂದು ಯಾರಾದರೂ ಕೇಳಿದರೆ "ಮೇವು ಇರೋ ಕಡೆ" ಎನ್ನಬೇಕು, ಅದಕ್ಕಿಂತ ಹೆಚ್ಚು ನಮಗೂ ಗೊತ್ತಿರುತ್ತಿರಲಿಲ್ಲ.

ನಡುಮನೆಯ ಗೋಡೆಯಲ್ಲಿ ದೇವರ ಗೂಡು. ಅದರೊಳಗೆ ಅರಿಸಿನದ ಬಟ್ಟೆಯ ಗಂಟೊಂದಿತ್ತು. ಮನೆದೇವರ ಮುಡಿಪು ಎಂದು ಅತ್ತೆ ಹೇಳಿದ್ದರು. ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದಾಗ, ಕುರಿಗೆ ರೋಗ ಬಂದಾಗ ಹರಕೆ ಹೊತ್ತು ಒಂದಿಷ್ಟು ದುಡ್ಡು ಹಾಕಿ ಬಿಗಿಯುವುದು, ಯಾವತ್ತಾದರೂ ಮನೆಮಂದಿಯೆಲ್ಲ ಹೋಗಿ ದೇವರ ಹುಂಡಿಗೆ ಸುರಿದು ಬರುವುದು. ಬೇರೆ ಯಾವ ಖರ್ಚಿಗೂ ಅದನ್ನು ಮುಟ್ಟುವಂತಿಲ್ಲ. ನನಗಂತೂ ಆ ಭಯ ಎದೆಹಾಲಿನ ಜೊತೆಗೇ ಬಂದದ್ದು. ತವರಿನಲ್ಲಿ ಅಪ್ಪ ಒಮ್ಮೆ ಬಿತ್ತನೆ ಬೀಜಕ್ಕೆಂದು ಮುಡಿಪಿಗೆ ಕೈ ಹಾಕಿದ್ದ. ತಿರುಗಿ ತುಂಬುವ ಮೊದಲೇ ಒಂದು ಎತ್ತು ಸತ್ತಿತು. ಕುಲದ ಹಿರಿಯರ ಮುಂದೆ ತಪ್ಪುಕಾಣಿಕೆ ಕಟ್ಟಿ, ಅಷ್ಟು ಎತ್ತರದ ಮನುಷ್ಯ ನೆಲಕ್ಕೆ ಉದ್ದಕ್ಕೆ ಬಿದ್ದದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದೆ. ಹಾಗಾಗಿ ಅತ್ತೆಮನೆಯಲ್ಲಿ ಗೂಡು ಒರೆಸುವಾಗಲೂ ಗಂಟನ್ನು ಸರಿಸುತ್ತಿರಲಿಲ್ಲ, ಅದರ ಸುತ್ತಲೂ ಬಟ್ಟೆ ಆಡಿಸಿ ಬಿಡುತ್ತಿದ್ದೆ. ಅತ್ತೆ ಅದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸೊಸೆಯ ಭಕ್ತಿಗೆ ಮೆಚ್ಚಿ ನಗುತ್ತಾರೆ ಎಂದು ನಾನು ಉಬ್ಬಿದ್ದೇ ಉಬ್ಬಿದ್ದು.

ಪಕ್ಕದ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರಿದ್ದರು. ಶೇಂಗಾ ಹುರಿದು ಬುಟ್ಟಿಯಲ್ಲಿ ಹೊತ್ತು ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಮಾರುವರು. ಇದ್ದೊಬ್ಬ ಮಗಳನ್ನು ಹೊಳಲ್ಕೆರೆಗೆ ಕೊಟ್ಟಿದ್ದರು. ನಮ್ಮ ಮಾವನ ಟಗರು ಒಮ್ಮೆ ಹಗ್ಗ ಕಿತ್ತುಕೊಂಡು ಹೋಗಿ ಅವರ ಅವರೆ ಚಪ್ಪರ ಮುಗಿಸಿಬಿಟ್ಟಿತ್ತು. ತಪ್ಪಾಯಿತು ಎನ್ನುವುದು ಬಿಟ್ಟು ನಮ್ಮತ್ತೆ "ಬೇಲಿ ಹಾಕ್ಕಬೇಕಿತ್ತು" ಅಂದರು. ಅಲ್ಲಿಂದ ಎರಡು ಮನೆಗೂ ಮಾತಿಲ್ಲ. ಅತ್ತೆ ಮಾತು ಬಿಟ್ಟ ಮೇಲೆ ಸೊಸೆ ಆಡುವುದೆಲ್ಲಿ ಬಂತು, ನಾನೂ ಮುಖ ತಿರುವಿಕೊಂಡು ಓಡಾಡುತ್ತಿದ್ದೆ.

ಆ ಬೇಸಿಗೆಯ ಒಂದು ಬೆಳಗ್ಗೆ ಅತ್ತೆಗೆ ಹೊಟ್ಟೆನೋವು ಬಂತು. ಓಂಕಾಳು ಕುದಿಸಿ ಕೊಟ್ಟೆ, ನಿಲ್ಲಲಿಲ್ಲ. ಹೊತ್ತು ಏರುವಷ್ಟರಲ್ಲಿ ಹೊಟ್ಟೆ ಕಲ್ಲಿನ ಹಾಗಾಗಿ, ತುಟಿ ಒಣಗಿ, ಮಾತೇ ಹೊರಡದಂತಾಯಿತು. ಕೇರಿಯ ಕಾಂಪೌಂಡರು ಬಂದು ಮುಟ್ಟಿ ನೋಡಿ ಗಾಬರಿಯಾದರು.

"ದುರ್ಗಕ್ಕೆ ಒಯ್ರಿ ಜಲ್ದಿ. ಆಪರೇಷನ್ ಆಗಬೇಕು ಇದು. ಔಷಧಿ, ಗ್ಲೂಕೋಸು ಹೊರಗಡೆಯಿಂದ ತರಾಕೆ ಹೇಳ್ತಾರೆ, ಕೈಯಾಗೆ ದುಡ್ಡು ಇಟ್ಕಂಡೇ ಹೋಗ್ರಿ."

ದುಡ್ಡೆಲ್ಲಿ? ಸಾಸಿವೆ ಡಬ್ಬಿಯಲ್ಲಿ ಐದು ರೂಪಾಯಿಯ ಒಂದು ನೋಟಿತ್ತು, ಅಷ್ಟೇ. ಅತ್ತೆ ಸಾಯುತ್ತಾರೆ, ಅದೂ ನನ್ನ ಕೈಯಲ್ಲಿ, ಗಂಡನಿಗೆ ಸುದ್ದಿ ಮುಟ್ಟಿಸಲೂ ಆಗುವುದಿಲ್ಲ ಎಂದು ಒಳಗೂ ಹೊರಗೂ ಓಡಾಡಿದೆ. ಕೇರಿಯ ಗಂಡಸರು ಅತ್ತೆಯನ್ನು ಕಂಬಳಿಯಲ್ಲಿ ಮಲಗಿಸಿ ಗಾಡಿಗೆ ಎತ್ತುವಾಗ ಅವರು ಹಲ್ಲು ಕಚ್ಚಿಕೊಂಡು ನನ್ನನ್ನೇ ನೋಡುತ್ತಾ ಕೈ ಎತ್ತಿ ದೇವರ ಗೂಡಿನ ಕಡೆ ತೋರಿಸಿದರು. ಒಮ್ಮೆಯಲ್ಲ, ಹೊಸಿಲು ದಾಟುವ ತನಕ ತೋರಿಸುತ್ತಲೇ ಇದ್ದರು.

ನನಗೆ ಅರ್ಥವಾಯಿತು. ಹರಕೆ ಕಟ್ಟು ಎನ್ನುತ್ತಿದ್ದಾರೆ! ಆ ನೋವಿನಲ್ಲೂ ದೇವರನ್ನು ಮರೆಯಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು. ಬಚ್ಚಲಿಗೆ ಓಡಿ ಕೈಕಾಲು ತೊಳೆದುಕೊಂಡು ಬಂದೆ. ಡಬ್ಬಿಯಲ್ಲಿದ್ದ ಆ ಐದು ರೂಪಾಯಿಯನ್ನು ಗಂಟಿನ ಬಾಯೊಳಗೆ ತುರುಕಿ, ಎರಡೂ ಕೈಯಿಂದ ಎಳೆದು ಬಿಗಿದೆ. ಬಿಗಿದು ತಿರುಗಿದರೆ ಪಕ್ಕದ ಮನೆ ಅಕ್ಕ ನಡುಮನೆಯಲ್ಲಿ ನಿಂತಿದ್ದರು. ಗಾಡಿ ಕಂಡು, ಮಾತು ಬಿಟ್ಟಿದ್ದನ್ನೂ ಮರೆತು ಬಂದಿದ್ದರು.

"ಅಕ್ಕ, ಮನೆಯಾಗೆ ಒಂದು ಬಿಡಿಗಾಸಿಲ್ಲ," ಎಂದು ಅತ್ತುಬಿಟ್ಟೆ. "ಏನಾದ್ರೂ ಇದ್ರೆ ಕೊಡ್ರಿ. ಗಂಡಸರು ಬಂದ ದಿನಾನೇ ತಿರುಗಿಸ್ತೀನಿ, ದೇವ್ರಾಣೆ."

ಅವರು ನನ್ನನ್ನು ನೋಡಿದರು. ಗೂಡನ್ನು ನೋಡಿದರು. ಮತ್ತೆ ನನ್ನನ್ನು ನೋಡಿ, ಸರಸರನೆ ಹೋಗಿ ರಾಗಿಹಿಟ್ಟು ಮೆತ್ತಿದ್ದ ಪುಟ್ಟ ಗಂಟನ್ನು ತಂದು ಕೈಗಿಟ್ಟರು.

"ಮಗಳ ಬಾಣಂತನಕ್ಕೆ ಇಟ್ಟಿದ್ದು. ಮಳೆ ಹಿಡಿಯೋದ್ರೊಳಗೆ ಬೇಕು. ಆಣೆ ಎಲ್ಲ ಬ್ಯಾಡ, ಮದ್ಲು ಗಾಡಿ ಹತ್ತು."

ಅತ್ತೆ ಉಳಿದರು. ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ನಾನು ವಾರ್ಡಿನ ಹೆಂಗಸರಿಗೆಲ್ಲ ಮುಡಿಪಿನ ಮಹಿಮೆ ಹೇಳಿದ್ದೇ ಹೇಳಿದ್ದು. ಆಸ್ಪತ್ರೆಗೆ ದುಡ್ಡು ಎಲ್ಲಿಂದ ಬಂತೆಂದು ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗದವರ ಮುಂದೆ ಕೈಚಾಚಿದ್ದು ಗೊತ್ತಾದರೆ ಹೊಲಿಗೆ ಬಿಚ್ಚುವ ಹಾಗೆ ಬೈಯುತ್ತಾರೆ ಎಂಬ ಅಂಜಿಕೆ.

ಆ ವರ್ಷ ಮಳೆ ತಡವಾಯಿತು, ಗಂಡಸರೂ ತಡವಾದರು. ಪಕ್ಕದ ಮನೆಗೆ ಮಗಳು ಹೆರಿಗೆಗೆ ಬಂದಳು. ನಾನು ನೀರಿಗೆ ಹೋಗುವಾಗ ಹಿತ್ತಲ ದಾರಿ ಹಿಡಿಯತೊಡಗಿದೆ. ಒಂದು ದಿನ ಗೋಡೆಯಾಚೆ ಕೂಸು ಅತ್ತದ್ದು ಕೇಳಿಸಿತು. ಒಲೆಯ ಮುಂದೆ ಕೂತಿದ್ದವಳಿಗೆ ಮುಖವೆಲ್ಲ ಉರಿಯಿತು. ಅವರು ಯಾವ ದುಡ್ಡಿನಲ್ಲಿ ಬಾಣಂತನ ಮಾಡುತ್ತಿದ್ದಾರೋ! ಹೋಗಿ ಒಂದು ಮಾತು ಹೇಳಿ ಬರಬಹುದಿತ್ತು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಹೋಗಲಿಲ್ಲ. ಅವರೂ ಒಂದು ದಿನವೂ ಬಾಗಿಲಿಗೆ ಬಂದು ಕೇಳಲಿಲ್ಲ.

ಕೊನೆಗೆ ಗಂಡಸರು ಬಂದರು, ಉಣ್ಣೆ ಕತ್ತರಿಸಿ ಮಾರಿದ್ದಾಯಿತು. ಅದರಲ್ಲಿ ಒಂದಿಷ್ಟು ನನಗೆ ಬೇಕೆಂದು ಗಂಡನ ಹತ್ತಿರ ಹೇಗೆ ಬಾಯಿಬಿಡಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ, ಮಾವ ಹೊರಗೆ ಹೋದದ್ದು ನೋಡಿಕೊಂಡು, ಸೆರಗಿನಿಂದ ನೋಟು ತೆಗೆಯುತ್ತಾ ಕರೆದರು.

"ಆ ಮುಡಿಪಿನ ಬಟ್ಟೆ ಇಳಿಸೇ. ಖಾಲಿಯಾಗೈತೆ, ಮತ್ತೆ ತುಂಬಾಣ."

ಖಾಲಿ ಹೇಗಾಗುತ್ತದೆ ಎಂದುಕೊಂಡು ಗಂಟನ್ನು ಬೊಗಸೆಯಲ್ಲಿ ತಂದುಕೊಟ್ಟೆ. ಕೈಗೆ ತೆಗೆದುಕೊಂಡವರೇ ಅತ್ತೆ ಹುಬ್ಬೇರಿಸಿದರು.

"ತುಂಬೇ ಐತಲ್ಲೇ ಇದು! ನೀನು ಬಿಚ್ಚಲೇ ಇಲ್ವಾ?"

"ದೇವರದ್ದು ಅತ್ತೆ. ನಾನು ಹೆಂಗೆ ಬಿಚ್ಲಿ?"

"ಯಾವ ದೇವರದ್ದೇ? ನಿಮ್ಮ ಮಾವನ ಕಣ್ಣಿಗೆ ದೇವರದ್ದು! ದೇವರದ್ದು ಅನ್ನದಿದ್ರೆ ಇಷ್ಟೊತ್ತಿಗೆ ಇದಕ್ಕೂ ಕೊಂಬು ಬಂದಿರ್ತಿತ್ತು. ಅಷ್ಟು ಸಾರಿ ಕೈ ಮಾಡಿ ತೋರಿಸಿದೆನಲ್ಲೇ!"

"ಹರಕೆ ಕಟ್ಟು ಅಂತೀರಿ ಅಂದ್ಕಂಡೆ. ಇದ್ದ ಐದು ರೂಪಾಯೀನೂ ಅದ್ರೊಳಗೇ ಕಟ್ಟಿಟ್ಟೆ."

ಅತ್ತೆ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ, ಹಾಗಾದರೆ ಆಸ್ಪತ್ರೆಗೆ ಎಲ್ಲಿಂದ ತಂದೆ ಎಂದು ಕೇಳಿದರು. ಹೇಳಿದೆ. ಅಕ್ಕ ಒಳಗೆ ಬಂದಾಗ ನಾನು ಗಂಟು ಬಿಗಿಯುತ್ತಿದ್ದೆ ಎಂಬುದನ್ನೂ ಹೇಳಿದೆ. ಅವರ ನಗು ನಿಂತುಹೋಯಿತು.

"ಅಯ್ಯೋ ಹುಡುಗಿ, ಈ ಕೇರಿ ಹೆಂಗಸರ ಮುಡಿಪು ಏನು ಅಂತ ಗೊತ್ತಿಲ್ಲದೋಳು ನೀನೊಬ್ಬಳೇ. ಅವಳು ಏನು ತಿಳ್ಕಂಡಿರಬ್ಯಾಡ!"

ಆಗ ನನಗೆ ಎಲ್ಲ ಕಂಡಿತು. ನಮ್ಮ ದುಡ್ಡನ್ನು ಅವರ ಕಣ್ಣೆದುರೇ ಬಿಗಿದಿಟ್ಟು, ಅದೇ ಉಸಿರಿಗೆ ಬಿಡಿಗಾಸಿಲ್ಲ ಎಂದು ಅತ್ತು, ದೇವರ ಆಣೆ ಬೇರೆ ಇಟ್ಟಿದ್ದೆ. ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅತ್ತೆ ಗಂಟನ್ನು ತಾವೇ ಬಿಚ್ಚಿ ನನ್ನ ಮಡಿಲಿಗೆ ಹಾಕಿ, "ಹೋಗು, ಇದ್ದದ್ದು ಇದ್ದಂಗೆ ಹೇಳಿ ಕೊಟ್ಟು ಬಾ" ಎಂದರು.

ಅಕ್ಕ ಹಿತ್ತಲಿನಲ್ಲಿ ಕಾಲು ನೀಡಿಕೊಂಡು, ಕಾಲ ಮೇಲೆ ಮೊಮ್ಮಗುವನ್ನು ಮಲಗಿಸಿ ನೀರು ಹಾಕುತ್ತಿದ್ದರು. ನಾನು ಮೊದಲು ನೋಡಿದ್ದು ಅವರ ಕಿವಿಯನ್ನು. ಓಲೆ ಇರಲಿಲ್ಲ. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದರು. ದುಡ್ಡನ್ನು ಅವರ ಪಕ್ಕದಲ್ಲಿಟ್ಟು ನಿಂತೇ ಇದ್ದೆ.

"ನಾನು ಗಂಟು ಬಿಗೀತಿದ್ದದ್ದು ನೋಡಿದ್ರಲ್ಲ ಅಕ್ಕ. ಆದ್ರೂ ಯಾಕೆ ಕೊಟ್ರಿ?"

"ನೀನು ಬಿಚ್ಚಲ್ಲ ಅಂತ ಗೊತ್ತಾತು. ಅದಕ್ಕೇ ಓಡಿಹೋಗಿ ತಂದೆ. ಆ ಮುದುಕಿ ಸಾಯಬಾರ್ದಲ್ಲ."

ನನ್ನ ಬಾಯಿಂದ ಎಲ್ಲ ಒಂದೇ ಸಮನೆ ಹೊರಬಂತು. ಅಪ್ಪ ಅಡ್ಡಬಿದ್ದದ್ದು, ಅತ್ತೆ ಕೈ ತೋರಿಸಿದ್ದು, ಹರಕೆ ಎಂದುಕೊಂಡದ್ದು, ಐದು ರೂಪಾಯಿ. ಅವರು ಕೂಸಿನ ಬೆನ್ನಿಗೆ ನೀರು ಸುರಿಯುತ್ತಾ ಹೂಂಗುಟ್ಟಿದರು.

"ನಂಬ್ರಿ ಅಕ್ಕ, ನಿಜವಾಗ್ಲೂ ದೇವರದ್ದು ಅಂತಾನೇ ಇದ್ದೆ."

"ಹೂಂ ಬಿಡವ್ವ," ಅಂದರು, ಬಹಳ ಮೆತ್ತಗೆ, ಕೂಸಿಗೆ ಹೇಳುವ ದನಿಯಲ್ಲಿ. "ಅಳಬ್ಯಾಡ. ನಾನಾಗಿದ್ರೂ ಹಿಂಗೇ ಹೇಳ್ತಿದ್ದೆ."

ಅವರು ನನ್ನನ್ನು ಮನಸಾರೆ ಕ್ಷಮಿಸಿದ್ದರು, ನಾನು ಮಾಡದ ತಪ್ಪಿಗೆ. ನಿಜವನ್ನೇ ಇನ್ನೊಂದು ಸಲ ಹೇಳಿದ್ದರೂ ಅವರಿಗೆ ಸುಳ್ಳನ್ನೇ ಎಳೆದ ಹಾಗಾಗುತ್ತಿತ್ತು. ತಲೆ ತಗ್ಗಿಸಿ ಆ ಕ್ಷಮೆಯನ್ನು ತೆಗೆದುಕೊಂಡು ಮನೆಗೆ ಬಂದೆ.